ದಿನಕ್ಕೆ ಎರಡು ಬಕೆಟ್ ನೀರು

ಶ್ರಾವಣದ ಮೊದಲ ಬುಧವಾರ, ಬೆಳಿಗ್ಗೆ ಐದೂ ಮುಕ್ಕಾಲು. ಸ್ಥಳ, ನಮ್ಮ ಮನೆಯ ಹಿತ್ತಲು. ಹಾಜರಿದ್ದವರು: ನಾನು, ನನ್ನ ಹೆಂಡತಿ ಗೌರಮ್ಮ, ಎಂಬತ್ತರ ಹತ್ತಿರದ ಭರಮಪ್ಪ, ಊರಿನ ಕೂಡು ಬೇಸಾಯದ ಗುಂಪಿನಿಂದ ಹುಲಿಗೆಮ್ಮ, ಕೊಟ್ರೇಶ ಮತ್ತು ಅವರ ಜೊತೆಯ ಆರು ಮಂದಿ. ಬರುತ್ತೇವೆಂದವರಲ್ಲಿ ಗೈರುಹಾಜರಿ ಯಾರೂ ಇಲ್ಲ. ಕೊಟ್ರೇಶ ಹೊತ್ತಿಗೆ ಸರಿಯಾಗಿ ಬಂದಿದ್ದನ್ನು ಬೇರೆಯಾಗಿಯೇ ಬರೆಯಬೇಕು. ಹೈಸ್ಕೂಲಿನ ಮೂರು ವರ್ಷದಲ್ಲಿ ಅವನು ಒಮ್ಮೆಯೂ ನನ್ನ ಡ್ರಿಲ್ಲಿಗೆ ಹೊತ್ತಿಗೆ ಬಂದವನಲ್ಲ.

ದಿನ, ಹೊತ್ತು, ಹಾಜರಿ ಬರೆದುಕೊಳ್ಳುವುದು ನನ್ನ ಹಳೆಯ ಚಟ. ಕೂಡ್ಲಿಗಿ, ಹಡಗಲಿ, ಕೊನೆಗೆ ಹರಪನಹಳ್ಳಿ, ಹೀಗೆ ಮೂರು ಕಡೆ ಪಿ.ಟಿ. ಮಾಸ್ತರನಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಯೇ ಕೂದಲು ಬೆಳ್ಳಗಾಯಿತು. ನಿವೃತ್ತಿಯ ಮಾರನೆಯ ದಿನವೂ ಐದಕ್ಕೆ ಎದ್ದು, ಷೂ ಕಟ್ಟಿಕೊಂಡು, ಯಾರೂ ಇಲ್ಲದ ಹಿತ್ತಲಿಗೆ ಹೋಗಿ ನಿಂತೆ. ಗೌರಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಕೋಳಿಗಳಿಗೂ ಸಾಲಾಗಿ ನಿಲ್ಲಾಕ ಹೇಳ್ರಿ, ಅವೂ ಶಿಸ್ತು ಕಲೀಲಿ" ಎಂದು ಒಳಗೆ ಹೋದಳು. ಅಂದಿನಿಂದ ನನ್ನ ಡೈರಿಯಲ್ಲಿ ದಿನದ ಕೆಲಸಗಳೆಲ್ಲ ಗಂಟೆಯ ಪ್ರಕಾರ ಬಂದು ನಿಲ್ಲುತ್ತವೆ. ಐದಕ್ಕೆ ವ್ಯಾಯಾಮ, ಏಳಕ್ಕೆ ನಾಷ್ಟಾ, ಸಂಜೆ ಆರಕ್ಕೆ ಗಿಡಕ್ಕೆ ನೀರು. ಕೊನೆಯದನ್ನು ನೆನಪಿಡಿ. ಅಂದು ನಡೆದದ್ದೆಲ್ಲ ಆ ನೀರಿನಿಂದಲೇ.

ಕೆಲಸವೇನೆಂದರೆ, ಅಂದು ನಮ್ಮ ಹಿತ್ತಲಿನ ಹಗೇವು ತೆಗೆಯಬೇಕಿತ್ತು. ಹಗೇವು ನೋಡದವರಿಗಾಗಿ ಒಂದು ಮಾತು. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿ. ಒಳಗೆ ಗಡಿಗೆಯ ಹಾಗೆ ಹೊಟ್ಟೆ ಬಿಟ್ಟುಕೊಂಡಿರುತ್ತದೆ. ಸಣ್ಣ ಕಲ್ಲು ಬೆರೆತ ಗಟ್ಟಿ ಗರಸು ನೆಲದಲ್ಲಿ ತೋಡಿ, ಗೋಡೆಯ ಸುತ್ತ ಜೋಳದ ದಂಟನ್ನು ಒತ್ತೊತ್ತಾಗಿ ನಿಲ್ಲಿಸಿ, ನಡುವೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷವಾದರೂ ಹುಳ ಬೀಳುವುದಿಲ್ಲ. ಒಳಗಿನ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಕಲ್ಲು ತೆಗೆದ ತಕ್ಷಣ ಇಳಿದರೆ ಮನುಷ್ಯನೂ ಬದುಕುವುದಿಲ್ಲ.

ಅಪ್ಪನ ಕಾಲದ ನಂತರ ಅದು ಮುಚ್ಚಿಯೇ ಇತ್ತು. ಈ ಸುಗ್ಗಿಯಲ್ಲಿ ಅದನ್ನು ಮತ್ತೆ ತೆಗೆಸಿ ಜೋಳ ತುಂಬಿಸಿದವಳು ಹುಲಿಗೆಮ್ಮ. ಕೃಷಿ ಡಿಪ್ಲೊಮಾ ಮುಗಿಸಿ ಬಂದ ಹುಡುಗಿ, ಮಾತು ಕಡಿಮೆ, ಹಟ ಹೆಚ್ಚು. ಟ್ರ್ಯಾಕ್ಟರ್ ಹೊಡೆಯುವ ಕೊಟ್ರೇಶನೂ ಇನ್ನು ಹನ್ನೆರಡು ಮಂದಿಯೂ ಅವಳ ಜೊತೆ ಸೇರಿ, ಐದು ಮನೆತನದವರ ಬೀಳು ಬಿದ್ದಿದ್ದ ಹನ್ನೊಂದು ಎಕರೆಯನ್ನು ಒಂದು ವರ್ಷದ ಮಾತಿಗೆ ಪಡೆದು ಕೂಡಿ ಬಿತ್ತಿದರು. ಜೋಳ, ನಡುನಡುವೆ ಕುಸುಬೆಯ ಸಾಲು. ಬೆಳೆದದ್ದನ್ನೆಲ್ಲ ಸುಗ್ಗಿಯಲ್ಲೇ ಕೊಟ್ಟೂರಿಗೋ ಹಗರಿಬೊಮ್ಮನಹಳ್ಳಿಗೋ ಹೇರಿ ಮಾರಿ, ಮಳೆಗಾಲ ಬಂದಾಗ ಎಲ್ಲಿಯದೋ ಜೋಳ ತಂದು ರೊಟ್ಟಿ ಬಡಿಯುವುದು ನಮ್ಮೂರಿನ ರೂಢಿ. ಅದು ನಿಲ್ಲಬೇಕು, ಊರಲ್ಲಿ ಬೆಳೆದದ್ದು ಮೊದಲು ಊರಿನ ಒಲೆಗೆ ಹೋಗಬೇಕು, ಹೆಸರು ಬರೆಸಿದ ನಲವತ್ತು ಮನೆಗಳಿಗೆ ಶ್ರಾವಣದಿಂದ ವಾರವಾರ ಹಂಚಬೇಕು ಎಂಬುದು ಈ ಹುಡುಗರ ಲೆಕ್ಕ. ಅಲ್ಲಿಯವರೆಗೆ ಔಷಧಿ ಹಾಕದೆ ಜೋಳ ಇಡುವುದೆಲ್ಲಿ? "ಸರ, ನಿಮ್ಮ ಹಿತ್ತಲದಾಗ ಹಗೇವು ಐತಂತಲ್ರಿ?" ಎಂದು ಒಂದು ಸಂಜೆ ಬಂದು ನಿಂತಳು. ನಾನು ನಿಯಮಗಳ ಒಂದು ಪಟ್ಟಿ ಬರೆದು ಅವಳ ಕೈಗಿಟ್ಟೆ. ಹಗೇವಿನ ಹತ್ತಿರ ಗಾಡಿ ನಿಲ್ಲಿಸಬಾರದು, ದನ ಕಟ್ಟಬಾರದು, ಬಾಯಿಯ ಮೇಲೆ ತಾಡಪಾಲು ಸದಾ ಇರಬೇಕು. ಎಲ್ಲವೂ ಇತರರಿಗೆ. ನನಗೂ ಒಂದು ನಿಯಮ ಬೇಕಾದೀತು ಎಂದು ಹೊಳೆಯಲಿಲ್ಲ.

ಭೂಮಿ ಕೊಟ್ಟ ಐದು ಮನೆಯವರಲ್ಲಿ ಶರಣಪ್ಪ ಹೇಳಿದ್ದಕ್ಕೆ ಉಳಿದ ನಾಲ್ವರು ತಲೆಯಾಡಿಸುತ್ತಾರೆ. ಅವನು ಹಿಂದಿನ ವಾರ ಊರ ಕಟ್ಟೆಯ ಮೇಲೆ ಕುಳಿತು ಎಲ್ಲರೆದುರಿಗೇ ಹೇಳಿದ್ದ: "ಬುಧವಾರ ಹನ್ನೊಂದಕ್ಕ ಬರ್ತೀವಿ. ಜೋಳ ಚಲೋ ಇದ್ರ ಮುಂದಿನ ವರ್ಷನೂ ಭೂಮಿ ನಿಮ್ದು. ಮುಗ್ಗಿದ್ರ ನಮ್ಮ ಭೂಮಿ ನಮಗ ಬಿಡ್ರಿ." ಹುಲಿಗೆಮ್ಮ "ಆತ್ರಿ ಮಾವ" ಎಂದಿದ್ದಳು.

ಹೀಗಿರುವಾಗ, ಅಂದು ಬೆಳಿಗ್ಗೆ ಹುಲಿಗೆಮ್ಮ ಕೈಯಲ್ಲಿ ಒಂದು ಕೋಲು ಹಿಡಿದು ಬಂದಳು. ಜೋಳ ಒಯ್ಯಲು ಜನ ಬರುತ್ತಾರೆ, ಗಾಡಿಗಳು ಬರುತ್ತವೆ. ಹಗೇವಿನ ಹೊಟ್ಟೆ ನೆಲದೊಳಗೆ ಎಲ್ಲಿಯವರೆಗೆ ಹೋಗಿದೆ ಎಂದು ಗುರುತು ಹಾಕಿಬಿಟ್ಟರೆ ಅದರ ಮೇಲೆ ಯಾರೂ ಗಾಡಿ ಹಾಯಿಸುವುದಿಲ್ಲ. ಭರಮಪ್ಪ ಪ್ರಾಯದಲ್ಲಿ ಊರಿನ ಹಗೇವುಗಳಿಗೆಲ್ಲ ಇಳಿದವನು. ಅವನು ಬಾಯಿಯಿಂದ ಬೆರಳಿಗೆ ಹಿಮ್ಮಡಿ ತಾಗಿಸಿ ಹೆಜ್ಜೆ ಹಾಕುತ್ತ ಹೋಗಿ ನಿಂತು, ಕಾಲಿನಿಂದ ನೆಲ ತಟ್ಟಿ, "ಇಲ್ಲೀಮಟ ಐತಿ ನೋಡವ್ವ" ಎನ್ನುವುದು. ಅವಳು ಕೋಲಿನಿಂದ ಗೆರೆ ಎಳೆಯುವುದು. ಪೂರ್ವಕ್ಕೆ ಎಂಟು ಹೆಜ್ಜೆ. ಉತ್ತರಕ್ಕೆ ಎಂಟು. ಪಡುವಣಕ್ಕೆ ಎಂಟು ಹೆಜ್ಜೆ ಹಾಕುವಾಗ ಆರನೆಯ ಹೆಜ್ಜೆಗೇ ಅವನು ಒಂದು ಮಲ್ಲಿಗೆ ಗಿಡವನ್ನು ಸುತ್ತಿಕೊಂಡು ಮುಂದೆ ಹೋದ. ಗೆರೆ ಅದರ ಆಚೆ ಹಾದುಹೋಯಿತು. ಗಿಡ ಒಳಗೆ ಉಳಿಯಿತು.



ಆ ಗಿಡ ನೆಟ್ಟವನು ನಾನು. ಗೌರಮ್ಮನ ತವರು ಹಡಗಲಿ. ಅಲ್ಲಿನವರಿಗೆ ಮಲ್ಲಿಗೆಯೆಂದರೆ ಹೂವಲ್ಲ, ಮನೆಯ ಹೆಣ್ಣುಮಗಳು. ಯುಗಾದಿಗೆ ಹೋದಾಗ ಅವಳ ಅಣ್ಣ ಒಂದು ಸಸಿ ಕೊಟ್ಟ. ಹಗೇವಿನ ಹತ್ತಿರ ನೀರು ಬೀಳಬಾರದು ಎಂಬ ಜ್ಞಾನ ನನಗೂ ಇತ್ತು. ಆದ್ದರಿಂದಲೇ ಖೋ ಖೋ ಅಂಕಣ ಹಾಕುವ ಟೇಪು ತೆಗೆದುಕೊಂಡು, ಹಗೇವಿನ ಬಾಯಿಯಿಂದ ಸರಿಯಾಗಿ ಆರು ಅಡಿ ಅಳೆದು, ಅಲ್ಲಿ ಗುಂಡಿ ತೋಡಿ ನೆಟ್ಟೆ. ಬಾಯಿಯಿಂದ ಅಳೆದೆ! ನೆಲದೊಳಗೆ ಅದಕ್ಕೊಂದು ಹೊಟ್ಟೆ ಇದೆ ಎಂಬುದು, ಚಿಕ್ಕಂದಿನಲ್ಲಿ ಆ ಹೊಟ್ಟೆಯೊಳಗೇ ಇಳಿದು ಬಂದಿದ್ದ ನನಗೆ ನೆನಪಾಗಲಿಲ್ಲ. ಯುಗಾದಿಯಿಂದ ಈಚೆಗೆ ಪ್ರತಿದಿನ ಸಂಜೆ ಆರಕ್ಕೆ, ಕೈಗಡಿಯಾರ ನೋಡಿ, ಎರಡು ಬಕೆಟ್ ನೀರು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ನಾನು ಊರಿನ ಜೋಳದ ನೆತ್ತಿಗೆ ನೀರು ಹೊಯ್ದಿದ್ದೆ.

ಹುಲಿಗೆಮ್ಮ ಗಿಡದ ಕಡೆ ನೋಡಲಿಲ್ಲ. ಗೆರೆ ಮುಗಿಸಿ ಕೋಲು ಎಸೆದಳು. ಆರಕ್ಕೆ ಸರಿಯಾಗಿ ಹುಡುಗರು ಮಣ್ಣು ಬಗೆದು ಹಾಸುಗಲ್ಲು ಸರಿಸಿದರು. ಒಳಗಿನಿಂದ ಬೆಚ್ಚಗಿನ, ಹುಳಿಹುಳಿ ವಾಸನೆ ಎದ್ದಿತು. ಮೂರು ಗಂಟೆ ಹಾಗೇ ಬಿಡಬೇಕು, ಒಂಬತ್ತಕ್ಕೆ ಕಂದೀಲು ಇಳಿಸಬೇಕು, ದೀಪ ಉರಿದರೆ ಮನುಷ್ಯ ಇಳಿಯಬೇಕು. ಇದು ನನ್ನದೇ ಪಟ್ಟಿಯಲ್ಲಿದ್ದ ನಿಯಮ. ಆ ಮೂರು ಗಂಟೆ ನಾನು ಬಾಯಿ ಬಿಡಲಿಲ್ಲ.

ಏಕೆ ಬಿಡಲಿಲ್ಲ ಎಂದು ನೀವು ಕೇಳಬಹುದು. ವಾಸನೆ ಹಗೇವಿಗೆ ಸಹಜವೇ ಎಂದು ಸಮಾಧಾನ ಮಾಡಿಕೊಂಡೆ. ಅಪ್ಪ ಹಗೇವು ತೆಗೆದ ದಿನ ಇಡೀ ಓಣಿಗೆ ವಾಸನೆ ಹಬ್ಬುತ್ತಿತ್ತು. ಯಾರ ಮನೆಯ ಹಗೇವು ತೆಗೆದರು ಎಂದು ಯಾರೂ ಕೇಳಬೇಕಿರಲಿಲ್ಲ. ಆ ಜೋಳದ ಮೊದಲ ರೊಟ್ಟಿಗೆ ಒಂದು ಒಗರು ಇರುತ್ತಿತ್ತು. ಅಕ್ಕ ಮೂಗು ಮುಚ್ಚಿಕೊಂಡು ತಿನ್ನುತ್ತಿದ್ದಳು, ನಾನು ಎರಡು ಹೆಚ್ಚು ತಿನ್ನುತ್ತಿದ್ದೆ. ನನಗೆ ಒಂಬತ್ತು ವರ್ಷವಿದ್ದಾಗ ತಳದ ಜೋಳ ಗುಡಿಸಲು ಅಪ್ಪ ನನ್ನನ್ನೇ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದರು. ಒಳಗೆ ಕಂಬಳಿ ಹೊದ್ದಷ್ಟು ಬೆಚ್ಚಗೆ. ತಲೆಯ ಮೇಲೆ ತಟ್ಟೆಯಷ್ಟು ಆಕಾಶ. "ಹಾಡು ಹೇಳ್ತಾ ಇರಲೇ" ಎಂದು ಅಪ್ಪ ಮೇಲಿನಿಂದ ಕೂಗಿದ್ದರು. ನನಗೆ ಹಾಡು ಬರುತ್ತಿರಲಿಲ್ಲ. ಎರಡರಿಂದ ಹದಿನಾರರ ತನಕ ಮಗ್ಗಿ ಹೇಳಿದೆ. ದನಿ ನಿಂತರೆ ಹಗ್ಗ ಎಳೆಯಬೇಕು ಎಂಬುದು ಅದರ ಅರ್ಥವೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇದನ್ನೆಲ್ಲ ನೆನೆಯುತ್ತ ಹಿತ್ತಲಿನ ಕಟ್ಟೆಯ ಮೇಲೆ ಕುಳಿತೆ ಎಂದರೆ ಅದು ಪೂರ್ತಿ ನಿಜವಲ್ಲ. ಭಯಕ್ಕೆ ಕುಳಿತೆ. ಊರಿಗೆಲ್ಲ ಶಿಸ್ತು ಹೇಳಿದವನು ತಾನೇ ಕೆಡಿಸಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಷ್ಟೇ.

ಎಂಟೂವರೆಗೆ ಗೌರಮ್ಮ ಚಹಾ ತಂದಳು. ನನ್ನ ಮುಖ ನೋಡಿದಳು, ನೆಲದ ಮೇಲಿನ ಗೆರೆ ನೋಡಿದಳು, ಗಿಡ ನೋಡಿದಳು. ಲೋಟ ಕೈಗೆ ಕೊಡಲೇ ಇಲ್ಲ.

"ಗಿಡ ಗೆರಿ ಒಳಗ ಐತಲ್ರಿ."

"ಹೂಂ."

"ಹುಡುಗಿಗೆ ಹೇಳಿರೇನು?"

"ನೋಡೋಣ ತಡಿ. ಏನೂ ಆಗಿರಲಿಕ್ಕಿಲ್ಲ."

"ಆಗಿದ್ರ? ನೀವು ಹೇಳ್ತೀರೋ, ನಾ ಹೇಳ್ಲೋ?"

"ಹೇಳ್ತೀನಿ. ದೀಪ ಇಳಿಸಿದ ಮ್ಯಾಲೆ."

ಒಂಬತ್ತಾಯಿತು. ಆಕಾಶದಲ್ಲಿ ಮೋಡ ಕಟ್ಟಿತ್ತು. ಹುಲಿಗೆಮ್ಮ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಸಿದಳು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಒಂದಾಳು ಆಳಕ್ಕೆ ಹೋಗುವಷ್ಟರಲ್ಲಿ ದೀಪ ಕುಗ್ಗಿತು, ನೀಲಿಯಾಯಿತು, ಆರಿತು.

"ಗಾಳಿಗೆ ಆರೈತಿ ಬಿಡವ್ವ," ಎಂದ ಕೊಟ್ರೇಶ. ಅಂಗಿ ಬಿಚ್ಚಿ ಆಗಲೇ ಸೊಂಟಕ್ಕೆ ಟವೆಲ್ಲು ಬಿಗಿದಿದ್ದ. "ಕಂದೀಲು ಹಳೇದು. ಮತ್ತ ಹಚ್ಚಿ, ಇಳಿಸಿ, ಇನ್ನೆರಡು ತಾಸು ಕುಂತ್ರ ಶರಣಪ್ಪ ಮಾವ ಬಂದು ಬಾಗಿಲಾಗ ನಿಂದರ್ತಾನ. ನಾ ಮೂಗು ಹಿಡ್ಕೊಂಡು ಒಂದು ಪುಟ್ಟಿ ತುಂಬಿ ಬರ್ತೀನಿ, ಜೋಳ ಹೆಂಗದಾವ ನೋಡಿದಂಗೂ ಆಗ್ತೈತಿ." ಮಾತು ಮುಗಿಯುವ ಮುಂಚೆಯೇ ಬಾಯಿಯ ಅಂಚಿಗೆ ಕುಳಿತು ಎರಡೂ ಕಾಲು ಒಳಗೆ ಬಿಟ್ಟ.

"ಕೊಟ್ರೇಶಾ! ನಿಲ್ಲು!"

ನನ್ನ ಹಳೆಯ ಮೈದಾನದ ದನಿ ಅದು. ಎಷ್ಟೋ ವರ್ಷದಿಂದ ಹೊರಬಿದ್ದಿರಲಿಲ್ಲ. ಕೊಟ್ರೇಶ ಕಲ್ಲಾದ. ಹುಡುಗರೆಲ್ಲ ಅಲುಗದೆ ನಿಂತರು. ಓಣಿಯಲ್ಲಿ ಹೋಗುತ್ತಿದ್ದ ಯಾರೋ ಸೈಕಲ್ಲು ನಿಲ್ಲಿಸಿದರು.

"ಕಾಲು ಮ್ಯಾಲೆ ತಗಿ. ಒಳಗ ಜೋಳ ಹಸಿ ಆಗಿರಬೌದು. ಹಸಿ ಆಗಿದ್ರ ಗಾಳಿ ಇನ್ನೂ ಕೆಟ್ಟಿರ್ತೈತಿ. ಇಳಿದ್ರ ಹೆಣ ಎತ್ತಬೇಕಾಗ್ತೈತಿ."

ಹುಲಿಗೆಮ್ಮ ನನ್ನ ಕಡೆ ತಿರುಗಿದಳು. "ಹಸಿ ಹೆಂಗಾಗ್ತೈತ್ರಿ ಸರ? ಮಳಿ ಬಂದಾಗೆಲ್ಲ ತಾಡಪಾಲು ಇತ್ತಲ್ಲ?"

"ಮಳಿ ಅಲ್ಲವ್ವ. ನಾನು."

ಬೆರಳಿನಿಂದ ಗಿಡ ತೋರಿಸಿದೆ. ಹೇಳಬೇಕಾದದ್ದು ಮೂರು ಮಾತಿನಲ್ಲಿ ಮುಗಿಯಿತು. ಭರಮಪ್ಪ ಗಿಡದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಮಣ್ಣು ಹಿಡಿದು ನೋಡಿದ. "ಬಾಯಿ ನೋಡಿ ಹೊಟ್ಟಿ ಅಳದ್ರೇನ್ರಿ ಮಾಸ್ತರ? ನನ್ನ ಬಾಯಾಗ ಹಲ್ಲಿಲ್ಲ, ಹೊಟ್ಟಿ ಹೆಂಗೈತಿ ನೋಡ್ರಿ!" ಎಂದ.

"ಎಷ್ಟು ನೀರು? ಎಷ್ಟು ದಿನ?" ಎಂದಳು ಹುಲಿಗೆಮ್ಮ.

ಡೈರಿ ತಂದು ಕೊಟ್ಟೆ. ಅವಳು ಹಾಳೆ ತಿರುವುತ್ತ ಹೋದಳು. ಪ್ರತಿ ಹಾಳೆಯ ಕೊನೆಗೂ ಅದೇ ಸಾಲು: ಸಂಜೆ ಆರು, ಮಲ್ಲಿಗೆಗೆ ನೀರು, ಎರಡು ಬಕೆಟ್. ತಪ್ಪಿಗೆ ಇಷ್ಟು ಅಚ್ಚುಕಟ್ಟಾದ ದಾಖಲೆ ಇಟ್ಟವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು.

"ಒಂದು ದಿನಾನೂ ತಪ್ಪಿಸಿಲ್ಲೇನ್ರಿ ಸರ?" ಕೊಟ್ರೇಶನ ದನಿಯಲ್ಲಿ ಸಿಟ್ಟಿಗಿಂತ ಬೇಡಿಕೆ ಇತ್ತು.

"ಇಲ್ಲ."

"ನಿಮಗ ಜ್ವರ ಬಂದು ಮಲಗಿದ್ರಲ್ಲ, ಆವಾಗ?"

"ಆವಾಗ ನಾ ಹಾಕೀನಪ್ಪ," ಎಂದಳು ಗೌರಮ್ಮ. "ಇವ್ರು ಮಂಚದ ಮ್ಯಾಲಿಂದ ಗಡಿಯಾರ ತೋರಿಸಿದ್ರು."

ಹುಲಿಗೆಮ್ಮ ಡೈರಿ ಮುಚ್ಚಿದಳು. "ಸರ, ಇದು ನಿಮಗ ಯಾವಾಗ ಗೊತ್ತಾತು?"

"ಬೆಳಿಗ್ಗೆ. ನೀ ಗೆರಿ ಎಳದಾಗ."

"ಈಗ ಒಂಬತ್ತೂ ಹತ್ತು," ಎಂದಳು. ಅಷ್ಟೇ ಹೇಳಿದಳು. ಮೇಲಧಿಕಾರಿಗಳು ಬರೆದ ನೋಟೀಸುಗಳನ್ನು ನಾನು ಕಂಡಿದ್ದೇನೆ. ಇದರಷ್ಟು ಚಿಕ್ಕದಾದ, ಇದರಷ್ಟು ಸರಿಯಾದ ನೋಟೀಸು ಕಂಡಿರಲಿಲ್ಲ.

ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ. ಇಬ್ಬರು ಹೋಗಿ ಬೇವಿನ ಕೊಂಬೆ ಕಡಿದು ತಂದರು. ಕಂತೆ ಕಟ್ಟಿ ಹಗ್ಗದಲ್ಲಿ ಒಳಗೆ ಇಳಿಸಿ, ಬಾವಿಯಲ್ಲಿ ಕೊಡ ಕುಕ್ಕಿದ ಹಾಗೆ ಮೇಲೆ ಕೆಳಗೆ ಆಡಿಸತೊಡಗಿದರು. ಕಣದಲ್ಲಿ ಜೋಳ ತೂರುವ ದೊಡ್ಡ ಫ್ಯಾನನ್ನು ಕೊಟ್ರೇಶ ಹೊತ್ತು ತಂದು ಬಾಯಿಗೆ ಹಿಡಿದ. ಒಬ್ಬರ ತೋಳು ಸೋತರೆ ಇನ್ನೊಬ್ಬರು. ನಾನೂ ಹಗ್ಗಕ್ಕೆ ಕೈ ಹಾಕಿದೆ. ಬೇಡವೆಂದು ಯಾರೂ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಒಂದೂವರೆ ಗಂಟೆ ಕೊಂಬೆ ಏರಿತು, ಇಳಿಯಿತು. ಹತ್ತೂ ನಲವತ್ತಕ್ಕೆ ಮತ್ತೆ ಕಂದೀಲು ಇಳಿಸಿದಳು. ತಳ ಮುಟ್ಟುವವರೆಗೂ ಉರಿಯಿತು. ಅಲ್ಲೇ ಹತ್ತು ನಿಮಿಷ ಇಟ್ಟಳು. ಉರಿಯುತ್ತಲೇ ಇತ್ತು.

ಕೊಟ್ರೇಶನ ಸೊಂಟಕ್ಕೆ ಹಗ್ಗ ಬಿಗಿದರು. ನಾಲ್ವರು ಹಿಡಿದು ನಿಂತರು. "ಮಾತಾಡ್ತಾ ಇರಲೇ, ಬಾಯಿ ಮುಚ್ಚಬ್ಯಾಡ," ಎಂದ ಭರಮಪ್ಪ.

"ಅದೊಂದು ನನಗ ಯಾರೂ ಹೇಳ್ಕೊಡೋದು ಬ್ಯಾಡ ತಾತ," ಎನ್ನುತ್ತ ಕೊಟ್ರೇಶ ಇಳಿದ.

ಮೊದಲ ಪುಟ್ಟಿ ಮೇಲೆ ಬಂತು. ಮುತ್ತಿನಂಥ ಜೋಳ. ಎರಡನೆಯದೂ ಹಾಗೆಯೇ. ಐದಾರು ಪುಟ್ಟಿ ತಾಡಪಾಲಿನ ಮೇಲೆ ಬಿದ್ದವು, ಹುಡುಗರ ಮುಖ ಅರಳತೊಡಗಿತು. ಆಗ ಒಳಗಿನ ದನಿ ನಿಂತಿತು.

"ಕೊಟ್ರೇಶಾ!" ಹುಲಿಗೆಮ್ಮ ಹಗ್ಗಕ್ಕೆ ಜಿಗಿದಳು.

"ಅದೀನಿ, ಅದೀನಿ. ಎಳೀಬ್ಯಾಡ್ರಿ." ದನಿ ದೂರದಿಂದ ಬಂದ ಹಾಗಿತ್ತು. "ಪಡುವಲ ಗ್ವಾಡಿ ಕಡೆ... ದಂಟು ಕರ್ರಗಾಗೈತಿ. ಜೋಳ ಹೆಂಟಿ ಕಟ್ಟೈತಿ."

"ಎಷ್ಟು ದಪ್ಪ?"

"ಒಂದು ಗೇಣು. ತಡಿ... ಗಿಡದ ಕೆಳಗ ಮೊಣಕೈಮಟ ಹೋಗ್ತೈತಿ."

ಮುಗ್ಗಿದ ಜೋಳದ ಮೊದಲ ಪುಟ್ಟಿ ಮೇಲೆ ಬರುವಷ್ಟರಲ್ಲಿ ಓಣಿಯ ಕಡೆಯ ಬಾಗಿಲು ಸದ್ದು ಮಾಡಿತು. ಹನ್ನೊಂದು ಗಂಟೆ. ಶರಣಪ್ಪ ಮುಂದೆ, ಹಿಂದೆ ಭೂಮಿ ಕೊಟ್ಟ ಉಳಿದ ನಾಲ್ವರು, ಅವರ ಹಿಂದೆ ಚೀಲ ಹಿಡಿದ ಹೆಂಗಸರು ಗಂಡಸರು. ಹುಡುಗರಲ್ಲಿ ಒಬ್ಬ ತಾಡಪಾಲಿನ ತುದಿ ಎತ್ತಿ ಮುಗ್ಗಿದ ಪುಟ್ಟಿಯನ್ನು ಮುಚ್ಚಲು ಹೋದ. ಹುಲಿಗೆಮ್ಮ ಅವನ ಕೈ ತಡೆದಳು. "ಬ್ಯಾಡ. ಅದಕ್ಕ ಬ್ಯಾರೆ ರಾಶಿ ಹಾಕ್ರಿ. ನಡುವ ದಾರಿ ಬಿಡ್ರಿ, ಎರಡೂ ನೋಡಲಿ."

ಎರಡು ರಾಶಿ ಬೆಳೆದವು. ಒಂದು ಬೆಳ್ಳಗೆ ದೊಡ್ಡದು, ಒಂದು ಕಪ್ಪಗೆ ಚಿಕ್ಕದು. ಮೂವತ್ತು ಚೀಲ ತುಂಬಿದ್ದರಲ್ಲಿ ಮೂರು ಚೀಲದಷ್ಟು ಹೋಗಿತ್ತು. ಶರಣಪ್ಪ ಕಪ್ಪು ರಾಶಿಯ ಮುಂದೆ ಕುಳಿತು ಒಂದು ಹೆಂಟೆ ಒಡೆದು ಮೂಸಿದ.

"ಹೇಳಿದ್ನಿಲ್ಲೋ? ಓದಿದ ಹುಡುಗರು, ಹಗೇವು ಮುಚ್ಚಾಕ ಬರೂದಿಲ್ಲ ಅಂತ. ದಂಟು ಸುತ್ತ ಸರಿಯಾಗಿ ಕಟ್ಟಿಲ್ಲ, ಸೋರೈತಿ."

ಹುಲಿಗೆಮ್ಮ ಬಾಯಿ ತೆರೆದಳು. ಅವಳು ನನ್ನ ಹೆಸರು ಹೇಳುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕಾಯಲಿಲ್ಲ. ಬೆಳಿಗ್ಗೆ ಮೂರು ಗಂಟೆ ಕಾದದ್ದು ಸಾಕಾಗಿತ್ತು. ಇಡೀ ಜನದ ನಡುವೆ ಎದ್ದು ನಿಂತು, ಗಿಡ, ಟೇಪು, ಬಕೆಟ್, ಬೆಳಿಗ್ಗೆ ಕಂಡೂ ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. "ಅವರು ಕಟ್ಟಿದ್ದು ಸರಿ ಐತಿ ಶರಣಪ್ಪ. ಸರಿ ಇದ್ದದ್ದಕ್ಕ ಮೂರು ಚೀಲದಾಗ ಮುಗೀತು."

ಶರಣಪ್ಪ ಬಿಳಿ ರಾಶಿಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದ. ಕಟಕ್ಕೆಂದು ಸದ್ದಾಯಿತು. ಇನ್ನೂ ನಾಲ್ಕು ಹಾಕಿಕೊಂಡ. ಹುಲಿಗೆಮ್ಮ ಅವನ ದವಡೆಯನ್ನೇ ನೋಡುತ್ತ ನಿಂತಿದ್ದಳು. ಅವಳ ಎರಡು ಕೈಯೂ ಹಗ್ಗ ಎಳೆದು ಕೆಂಪಾಗಿದ್ದವು.

"ಜೋಳ ಚಲೋ ಅದಾವ," ಎಂದ ಕೊನೆಗೆ. "ಹುಡುಗರ ತಪ್ಪಿಲ್ಲ ಅಂದಂಗಾತು. ಮುಂದಿನ ವರ್ಷನೂ ಭೂಮಿ ಅವ್ರೇ ಮಾಡ್ಲಿ." ಆಮೇಲೆ ನನ್ನ ಕಡೆ ನೋಡಿದ. ನಾವಿಬ್ಬರೂ ಒಂದೇ ಹಲಗೆಯ ಮೇಲೆ ಅಕ್ಷರ ಕಲಿತವರು. "ಆದ್ರ ಮಾಸ್ತರ, ಹಗೇವು ಈ ಮನ್ಯಾಗ ಬ್ಯಾಡ. ನಮ್ಮ ದನದ ಕೊಟ್ಟಿಗಿ ಹಿಂದ ಗರಸು ನೆಲ ಐತಿ, ಅಲ್ಲಿ ಹೊಸಾದು ತೋಡ್ಲಿ. ಅಲ್ಲೀಮಟ ಉಳಿದ ಜೋಳ ನಮ್ಮ ಪಡಸಾಲ್ಯಾಗ ಇರ್ಲಿ."

ಹುಲಿಗೆಮ್ಮ ನನ್ನ ಪರವಾಗಿ ಒಂದು ಮಾತು ಆಡಿಯಾಳು ಎಂದುಕೊಂಡೆ. ಅಪ್ಪನ ಹಗೇವು, ಅಜ್ಜ ತೋಡಿಸಿದ್ದು. ಒಂದು ಮಾತು ಸಾಕಿತ್ತು. ಅವಳು ಒಂದು ಕ್ಷಣ ನೆಲ ನೋಡಿದಳು. "ಆತ್ರಿ ಮಾವ," ಎಂದಳು. ನಾನು ಅವಳ ಜಾಗದಲ್ಲಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಮಾಡಿದ ತಪ್ಪಿಗೆ ಮೈದಾನದಿಂದ ಹೊರಗೆ ಕಳಿಸುವುದನ್ನು ಮಕ್ಕಳಿಗೆ ಕಲಿಸಿದವನೇ ನಾನು.

ಮಧ್ಯಾಹ್ನದೊಳಗೆ ನಲವತ್ತು ಮನೆಯ ಚೀಲ ತುಂಬಿದವು. ಮಳೆ ಬೀಳಲಿಲ್ಲ. ಮೂರಕ್ಕೆ ಕೊಟ್ರೇಶ ಟ್ರ್ಯಾಕ್ಟರ್ ತಂದು, ಗೆರೆಯ ಆಚೆಯೇ ನಿಲ್ಲಿಸಿ, ಉಳಿದ ಜೋಳ ಹೇರಿಕೊಂಡು ಶರಣಪ್ಪನ ಮನೆಗೆ ಹೋದ. ಹೋಗುವಾಗ "ಸರ, ನಿಮ್ಮ ದನಿ ಮಾತ್ರ ಇನ್ನೂ ಹಂಗೇ ಐತ್ರಿ. ಒಂಬತ್ತನೇ ಕ್ಲಾಸಿನಾಗ ಇದ್ದೀನಿ ಅಂದ್ಕೊಂಡೆ" ಎಂದ. ಭರಮಪ್ಪ ಅದೇ ಟ್ರ್ಯಾಕ್ಟರಿನಲ್ಲಿ ಕುಳಿತು ಹೋದ.

ಕಪ್ಪು ರಾಶಿ ಉಳಿಯಿತು. ಮುಗ್ಗಿದ ಜೋಳ ದನಕ್ಕೂ ವಿಷ, ಕೋಳಿಗೂ ವಿಷ, ಬಯಲಲ್ಲಿ ಬಿಡುವಂತಿಲ್ಲ. ಹಿತ್ತಲಿನ ಮೂಲೆಯ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಇದು ನನ್ನ ಕೆಲಸ, ಯಾರೂ ಕೈ ಹಾಕಬಾರದು ಎಂದು ಹುಡುಗರಿಗೆ ಹೇಳಿ ಕಳಿಸಿದೆ. ಗೌರಮ್ಮ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದಳು. ನಾನು ಪುಟ್ಟಿ ತುಂಬಿ ಹೊತ್ತುಕೊಂಡು ಹೋಗಿ ಸುರಿದು ಬರತೊಡಗಿದೆ. ಒಂದು, ಎರಡು, ಮೂರು. ಎಣಿಸುವುದು ನಿಲ್ಲಿಸಲು ನನಗೆ ಬರುವುದಿಲ್ಲ.

ಇಪ್ಪತ್ಮೂರನೆಯದು ಸುರಿದು ತಿರುಗಿದಾಗ ಹುಲಿಗೆಮ್ಮ ಬಂದು ನಿಂತಿದ್ದಳು. ತಾಡಪಾಲು ಒಯ್ಯಲು ಬಂದಿದ್ದಳೋ ಏನೋ. ಕೊನೆಯ ಪುಟ್ಟಿ ತುಂಬಿ ಎತ್ತಿಕೊಂಡೆ. ಗುಂಡಿಯ ಅಂಚಿಗೆ ಹೋದೆ. ಹೆಂಟೆಗಳ ನಡುವೆ ಅಲ್ಲಲ್ಲಿ ನಾಲ್ಕಾರು ಬೆಳ್ಳನೆಯ ಕಾಳು ಕಂಡವು. ನಮ್ಮ ಮನೆಯಲ್ಲಿ ಅಂಗಳಕ್ಕೆ ಬಿದ್ದ ಒಂದು ಕಾಳನ್ನೂ ಅವ್ವ ಹೆಕ್ಕಿಸದೆ ಬಿಟ್ಟವಳಲ್ಲ. ಪುಟ್ಟಿ ಬಗ್ಗಿಸಲು ಕೈ ಬರಲಿಲ್ಲ.

ಅವಳು ಪುಟ್ಟಿ ಕಸಿದುಕೊಳ್ಳಲಿಲ್ಲ. ಪರವಾಗಿಲ್ಲ ಎನ್ನಲಿಲ್ಲ. ಪಕ್ಕದಲ್ಲಿ ನಿಂತು ಕಾದಳು.

"ಹಾಕಿಬಿಡ್ರಿ ಸರ," ಎಂದಳು ಕೊನೆಗೆ. "ಮಣ್ಣು ನಾ ಎಳೀತೀನಿ."

ಸುರಿದೆ. ಅವಳು ಗುದ್ದಲಿಯಿಂದ ಎಳೆದಳು, ನಾನು ಕಾಲಿನಿಂದ ತುಳಿದೆ. ಮೇಲೆ ಒಂದು ಗೇಣು ಮಣ್ಣು ಕೂತಿತು.